ಒಂದಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಹೊಸ ಆಲ್ಬಮ್ ಬಂದಾಗಲೂ ಹೆಚ್ಚಿನವರು ಮಾಡುವುದು ಅದನ್ನೇ. ಮೊದಲ ಹಾಡಿನ ಒಂದು ನಿಮಿಷ, ತಿಂಗಳ ಹಿಂದೆಯೇ ಬಂದಿದ್ದ ಸಿಂಗಲ್‌ನ ನೆನಪು, ನಡುವೆ ಎಲ್ಲೋ ಬೆರಳಿಟ್ಟು ಕೇಳಿದ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಅಭಿಪ್ರಾಯ ಸಿದ್ಧ. ಆದರೆ ಆಲ್ಬಮ್ ಒಂದೇ ಪಾತ್ರೆಯಲ್ಲಿ ಒಂದೇ ಉರಿಯಲ್ಲಿ ಬೆಂದದ್ದಲ್ಲ. ಹತ್ತು ಹಾಡುಗಳಿದ್ದರೆ ನಾಲ್ಕು ಒಂದು ಸ್ಟುಡಿಯೋದಲ್ಲಿ, ಮಿಕ್ಕವು ಇನ್ನೆರಡು ಕಡೆ ಮುದ್ರಣವಾಗಿರಬಹುದು. ಡ್ರಮ್ ನುಡಿಸಿದವರು ಇಬ್ಬರು, ಮಿಕ್ಸ್ ಮಾಡಿದವರು, ಅಂದರೆ ಮುದ್ರಿಸಿದ ಪದರಗಳನ್ನು ಹದವಾಗಿ ಬೆರೆಸಿದವರು, ಮೂವರು ಇರಬಹುದು. ಒಂದಗುಳು ಬೆಂದಿದ್ದರೂ ಪಕ್ಕದ್ದು ಅಕ್ಕಿಯಾಗಿಯೇ ಉಳಿದಿರಬಹುದು.

2015ರ ಜುಲೈನಿಂದ ಹೆಚ್ಚಿನ ದೇಶಗಳಲ್ಲಿ ಹೊಸ ಆಲ್ಬಮ್‌ಗಳು ಶುಕ್ರವಾರವೇ ಹೊರಬರುತ್ತಿವೆ. ಸೋಮವಾರದೊಳಗೆ ವಿಮರ್ಶೆ ಬರದಿದ್ದರೆ ಓದುವವರಿಲ್ಲ ಎಂಬ ಅವಸರ. ಅವಸರದ ತೀರ್ಪುಗಳು ತಲೆಕೆಳಗಾದದ್ದಕ್ಕೆ ಹಳೆಯ ಉದಾಹರಣೆಗಳು ಬೇಕಾದಷ್ಟಿವೆ. 1967ರ ಜೂನ್‌ನಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಕಟುವಾಗಿ ಟೀಕಿಸಿದರು. 1969ರಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಮ್ಮಿಗೆ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಅಂಥದ್ದೇ. ಕಾಲ ಈ ಎರಡು ತೀರ್ಪುಗಳನ್ನೂ ಒಪ್ಪಲಿಲ್ಲ. ಆದರೂ ಗೋಲ್ಡ್‌ಸ್ಟೀನ್ ಬರಹವನ್ನು ಜನ ಇಂದಿಗೂ ಓದುತ್ತಾರೆ. ಸ್ಟುಡಿಯೋದ ಚಮತ್ಕಾರಗಳು ಹಾಡಿನ ಕಟ್ಟಡವನ್ನೇ ಮುಚ್ಚಿಹಾಕಿವೆ ಎಂಬುದು ಅವರ ಆಕ್ಷೇಪ. ಇದನ್ನು ಯಾರು ಬೇಕಾದರೂ ಆಲ್ಬಮ್ ಹಾಕಿಕೊಂಡು ಪರೀಕ್ಷಿಸಿ ನೋಡಬಹುದು, ಒಪ್ಪಬಹುದು, ಜಗಳ ಆಡಬಹುದು. ತೀರ್ಪು ಬಿದ್ದುಹೋದ ಮೇಲೂ ಬರಹ ನಿಂತಿರುವುದು ಅದು ಸದ್ದನ್ನು ಕುರಿತು ಮಾತಾಡಿದ್ದರಿಂದ. 'ಮಾಂತ್ರಿಕ', 'ಆಳವಾದ', 'ಪ್ರಬುದ್ಧ' ಎಂದು ಬರೆದ ನೂರಾರು ಹೊಗಳಿಕೆಗಳು ಇಂದು ಯಾರಿಗೂ ಬೇಕಿಲ್ಲ. ಅವು ಹೇಳಿದ್ದು ಸರಿಯಾಗಿದ್ದರೂ ಬೇಕಿಲ್ಲ.

ಹಾಗಾಗಿ ಬರೆಯುವ ಮಾತು ಆಮೇಲೆ, ಕೇಳುವುದು ಮೊದಲು. ಅದರಲ್ಲೂ ಮೊದಲು ಸರಿಪಡಿಸಬೇಕಾದದ್ದು ವಾಲ್ಯೂಮ್. ಒಂದೇ ಹಾಡನ್ನು ಒಂದೆರಡು ಡೆಸಿಬೆಲ್ ಹೆಚ್ಚಿಸಿ ಕೇಳಿಸಿದರೆ ಕಿವಿ ಅದನ್ನು 'ಜೋರು' ಎಂದು ಗುರುತಿಸುವುದಿಲ್ಲ, 'ಚೆನ್ನಾಗಿದೆ' ಎಂದು ಗುರುತಿಸುತ್ತದೆ. ಸದ್ದು ಕಡಿಮೆಯಾದಂತೆ ತಗ್ಗಿನ ಸ್ವರಗಳು ಕಿವಿಗೆ ಮಿಕ್ಕವಕ್ಕಿಂತ ಬೇಗ ಮಂಕಾಗುತ್ತವೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಅಂದರೆ ಸಣ್ಣ ಸದ್ದಿನಲ್ಲಿ ಕೇಳಿ 'ಬೇಸ್ ಇಲ್ಲ' ಎಂದು ಬರೆದರೆ ಅದು ನಮ್ಮ ಕಿವಿಯ ವಿಮರ್ಶೆಯಾಯಿತು. ಹೊಸ ಆಲ್ಬಮ್ಮನ್ನು ಅದೇ ತಂಡದ ಹಳೆಯದರ ಜೊತೆ ಹೋಲಿಸುವಾಗ ಸ್ಟ್ರೀಮಿಂಗ್ ಆ್ಯಪ್‌ನ ವಾಲ್ಯೂಮ್ ನಾರ್ಮಲೈಸೇಶನ್ (ಜೋರು, ಮೆಲುವಾದ ಮುದ್ರಣಗಳನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಆನ್ ಇರಲಿ. ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವ ಕ್ರಾಸ್‌ಫೇಡ್, ಕ್ರಮ ಕಲಸುವ ಷಫಲ್ ಎರಡೂ ಆಫ್ ಇರಲಿ. ಈಕ್ವಲೈಸರ್ ಕೂಡ.

ಷಫಲ್ ಯಾಕೆ ಬೇಡ ಎನ್ನುವುದಕ್ಕೆ ಹಾಡುಗಳ ಅನುಕ್ರಮ ಒಂದೇ ಕಾರಣವಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳ ಸದ್ದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಸದ್ದಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಎಂಬ ಮಟ್ಟಕ್ಕೆ ತರುತ್ತದೆ, ಆ್ಯಪಲ್ ಮ್ಯೂಸಿಕ್ ಸುಮಾರು ಮೈನಸ್ 16ಕ್ಕೆ. ಸ್ಪಾಟಿಫೈನಲ್ಲಿ ಆಲ್ಬಮ್ಮನ್ನು ಸಾಲಾಗಿ ಕೇಳಿದರೆ ಇಡೀ ಆಲ್ಬಮ್ಮಿಗೆ ಒಂದೇ ಅಳತೆ ಅನ್ವಯವಾಗುತ್ತದೆ. ಅಬ್ಬರದ ಹಾಡಿನ ನಂತರ ಬರುವ ಒಂಟಿ ಗಿಟಾರಿನ ಹಾಡು ಮೆಲ್ಲಗೇ ಇರುತ್ತದೆ. ಷಫಲ್‌ನಲ್ಲೋ ಪ್ಲೇಲಿಸ್ಟ್‌ನಲ್ಲೋ ಕೇಳಿದರೆ ಒಂದೊಂದು ಹಾಡಿಗೂ ಬೇರೆ ಅಳತೆ. ಆಗ ಆ ಒಂಟಿ ಗಿಟಾರ್ ಇಡೀ ಬ್ಯಾಂಡಿನಷ್ಟೇ ಜೋರಾಗಿ ಎದೆಯ ಮೇಲೆ ಬಂದು ಕೂರುತ್ತದೆ. 'ಆರನೆಯ ಹಾಡಿನಲ್ಲಿ ಸೂಕ್ಷ್ಮತೆ ಇಲ್ಲ' ಎಂಬ ದೂರು ಕೆಲವೊಮ್ಮೆ ಹುಟ್ಟುವುದು ಇಲ್ಲಿ, ಸ್ಟುಡಿಯೋದಲ್ಲಲ್ಲ.

ಇನ್ನೊಂದು ಬಲೆ ಇತ್ತೀಚಿನದು. 2021ರಿಂದ ಆ್ಯಪಲ್ ಮ್ಯೂಸಿಕ್‌ನಲ್ಲಿ ಸದ್ದು ಸುತ್ತಲಿಂದಲೂ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಮಿಕ್ಸ್‌ಗಳು ಬರುತ್ತಿವೆ. ಸೆಟ್ಟಿಂಗ್ 'ಆಟೋಮ್ಯಾಟಿಕ್' ಎಂದಿದ್ದು ಹೆಡ್‌ಫೋನ್ ಅದಕ್ಕೆ ಹೊಂದುವಂಥದ್ದಾದರೆ ಕೇಳುವವರ ಕಿವಿಗೆ ಬೀಳುವುದು ಸ್ಟೀರಿಯೋ ಮಿಕ್ಸ್ ಅಲ್ಲ, ಬೇರೆಯದೇ ಮಿಕ್ಸ್. ಕಂಠ ಸ್ವಲ್ಪ ಹಿಂದೆ ಸರಿದಿರಬಹುದು, ಡ್ರಮ್ಮಿನ ಪೆಟ್ಟು ಮೆದುವಾಗಿರಬಹುದು. ಹೆಚ್ಚಿನ ಓದುಗರು ಕೇಳುವುದು ಸ್ಟೀರಿಯೋವನ್ನು. ಅಟ್ಮಾಸ್ ಕೇಳಿ ಸ್ಟೀರಿಯೋದ ಬಗ್ಗೆ ಬರೆಯುವುದೆಂದರೆ ಒಬ್ಬರ ಜಾತಕ ನೋಡಿ ಇನ್ನೊಬ್ಬರಿಗೆ ಭವಿಷ್ಯ ಹೇಳಿದಂತೆ.

ಎಷ್ಟು ಸಲ ಕೇಳಬೇಕು? ಕನಿಷ್ಠ ನಾಲ್ಕು ಎನ್ನುತ್ತೇನೆ, ನಾಲ್ಕೂ ಬೇರೆ ಬೇರೆ ಬಗೆಯವು. ಮೊದಲನೆಯದು ಮೊದಲಿಂದ ಕೊನೆಯವರೆಗೆ, ಪೆನ್ನು ಹಿಡಿಯದೆ, ಸಾಹಿತ್ಯವನ್ನು ಓದದೆ. ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು ಯಾವ ಹಾಡು ನೆನಪಿದೆ ಎಂದು ಬರೆದಿಟ್ಟುಕೊಳ್ಳುವುದು. ಎರಡನೆಯದು ಗಡಿಯಾರ ನೋಡುತ್ತಾ: ಏನೇ ಅನ್ನಿಸಿದರೂ ನಿಮಿಷ-ಸೆಕೆಂಡು ಸಮೇತ ಗುರುತು. ಮೂರನೆಯದು ಬೇರೆ ಉಪಕರಣದಲ್ಲಿ. ಹೆಡ್‌ಫೋನ್ ಆಗಿದ್ದರೆ ಸ್ಪೀಕರ್, ಒಮ್ಮೆ ಫೋನಿನ ಪುಟ್ಟ ಸ್ಪೀಕರಿನಲ್ಲೂ. ನಾಲ್ಕನೆಯದು ಎರಡು ಮೂರು ದಿನದ ಅಂತರ ಕೊಟ್ಟು. ಮೊದಲ ಸಲದ ಪಟ್ಟಿಯನ್ನೂ ನಾಲ್ಕನೆಯ ಸಲದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟಾಗ ಸಿಗುವ ವ್ಯತ್ಯಾಸವೇ ವಿಮರ್ಶೆಯ ಅರ್ಧ ಸಾಮಗ್ರಿ. ಮೇಲೇರಿದ ಹಾಡು ಯಾವುದು, ಜಾರಿದ್ದು ಯಾವುದು, ಯಾಕೆ? ಹಾಗೆಂದು ನಲವತ್ತು ಸಲ ಕೇಳುವುದೂ ಅಪಾಯವೇ. ಬರೀ ಮತ್ತೆ ಮತ್ತೆ ಎದುರಾಗುವುದರಿಂದಲೇ ವಸ್ತುವೊಂದು ಇಷ್ಟವಾಗತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿಕೊಟ್ಟರು. ರೂಢಿಯಾದದ್ದನ್ನೆಲ್ಲ ಒಳ್ಳೆಯದು ಎಂದುಕೊಳ್ಳುವುದಕ್ಕೆ ಮುಂಚೆ ನಿಲ್ಲಿಸಬೇಕು.

ಇಷ್ಟು ತಯಾರಿ ಎಲ್ಲ ಬಗೆಯ ಸಂಗೀತಕ್ಕೂ ಒಂದೇ. ಆದರೆ ರಾಕ್, ಪಾಪ್, ಜನಪದದ ಜಾಡಿನ ಫೋಕ್ ಮೂರೂ ಕೆಡುವ ಜಾಗ ಬೇರೆ ಬೇರೆ. ಒಂದರ ಅಳತೆಕೋಲು ಹಿಡಿದು ಇನ್ನೊಂದನ್ನು ಅಳೆಯುವುದೇ ವಿಮರ್ಶೆಗಳಲ್ಲಿ ಪದೇ ಪದೇ ಕಾಣುವ ತಪ್ಪು. ಪಾಪ್ ಆಲ್ಬಮ್ಮಿಗೆ 'ನಿಜವಾದ ವಾದ್ಯಗಳಿಲ್ಲ' ಎನ್ನುವುದು, ಫೋಕ್ ಆಲ್ಬಮ್ಮಿಗೆ 'ನೆನಪಿನಲ್ಲಿ ಉಳಿಯುವ ಕೋರಸ್ (ಮರಳಿ ಮರಳಿ ಬರುವ ಪಲ್ಲವಿ) ಇಲ್ಲ' ಎನ್ನುವುದು ಈ ಜಾತಿಯವು.

ರಾಕ್‌ನಿಂದ ಶುರು ಮಾಡೋಣ. ಅಲ್ಲಿ ಮೊದಲು ಕೇಳಬೇಕಾದದ್ದು ಗಿಟಾರಲ್ಲ, ಡ್ರಮ್ಮಿಗೂ ಬೇಸ್ ಗಿಟಾರಿಗೂ ಇರುವ ಸಂಬಂಧ. ಕಾಲಿನಿಂದ ನುಡಿಸುವ ಕಿಕ್ ಡ್ರಮ್ಮಿನ ಪೆಟ್ಟು ಮತ್ತು ಬೇಸಿನ ಸ್ವರ ಒಟ್ಟಿಗೆ ಬೀಳುತ್ತವೆಯೇ, ಒಂದು ಕೂದಲೆಳೆ ಮುಂದೆ ಹಿಂದೆ ಆಗುತ್ತವೆಯೇ, ಆ ಹಿಂದೆ ಮುಂದೆ ಹಾಡಿನುದ್ದಕ್ಕೂ ಒಂದೇ ರೀತಿ ಇದೆಯೇ? ತಂಡದ ಕೈ ಇರುವುದು ಅಲ್ಲಿ. ಒಂದು ಸುಲಭದ ಪರೀಕ್ಷೆ ಇದೆ. ಟ್ಯಾಪ್ ಮಾಡಿ ವೇಗ ಅಳೆಯುವ ಆ್ಯಪ್ ಹಿಡಿದು ಮೊದಲ ಚರಣದಲ್ಲಿ ಒಮ್ಮೆ, ಕೊನೆಯ ಕೋರಸ್‌ನಲ್ಲಿ ಒಮ್ಮೆ ನಿಮಿಷಕ್ಕೆ ಎಷ್ಟು ತಾಳ ಎಂದು ನೋಡಿ. ಒಟ್ಟಿಗೆ ಕೂತು ನುಡಿಸಿದ ತಂಡ ಕೋರಸ್‌ಗೆ ಬಂದಾಗ ಎರಡು ಮೂರು ತಾಳದಷ್ಟು ಓಡುವುದು ಸಹಜ. ಎರಡು ಕಡೆಯೂ ಕರಾರುವಾಕ್ಕಾಗಿ ಒಂದೇ ಬಂದರೆ ಕಿವಿಯಲ್ಲಿ ಯಂತ್ರದ ಟಿಕ್ ಟಿಕ್ ತಾಳ, ಅಂದರೆ ಕ್ಲಿಕ್ ಟ್ರ್ಯಾಕ್, ಇಟ್ಟುಕೊಂಡು ನುಡಿಸಿದ್ದಾರೆ ಎಂದರ್ಥ. ಅದೇ ತಪ್ಪಲ್ಲ. ಒಳ್ಳೆಯ ಡ್ರಮ್ಮರ್ ಕ್ಲಿಕ್ಕಿನ ಜೊತೆಗೂ ಉಸಿರಾಡಬಲ್ಲ. ತಪ್ಪಾಗುವುದು ನುಡಿಸಿದ ಮೇಲೆ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಗೆರೆಗೆ ಎಳೆದು ಕೂರಿಸಿ, ಸಾಲದೆಂದು ಸ್ನೇರ್ ಡ್ರಮ್ಮಿನ ಪ್ರತಿ ಹೊಡೆತದ ಜಾಗಕ್ಕೂ ಮೊದಲೇ ಮುದ್ರಿಸಿಟ್ಟ ಒಂದೇ ಸ್ಯಾಂಪಲ್ ಅಂಟಿಸಿದಾಗ. ಇದನ್ನು ಹಿಡಿಯಲು ಡ್ರಮ್ ರೋಲ್ ಬರುವ ಜಾಗ ಹುಡುಕಿ. ಬಲಗೈ ಎಡಗೈ ಪೆಟ್ಟುಗಳಲ್ಲಿ ವ್ಯತ್ಯಾಸವೇ ಇಲ್ಲದೆ ಟೈಪ್‌ರೈಟರಿನಂತೆ ಕೇಳಿದರೆ ಸ್ಯಾಂಪಲ್ ಕೂತಿದೆ. ಪೆಟ್ಟುಗಳ ನಡುವೆ ಕಡ್ಡಿಯ ತುದಿ ಮೆಲ್ಲಗೆ ತಾಕುವ ಸಣ್ಣ ಸದ್ದುಗಳು ಮಾಯವಾಗಿದ್ದರೆ ಖಚಿತ.

ಗಿಟಾರ್ ವಿಷಯಕ್ಕೆ ಒಂದು ಕಿವಿಯ ಪರೀಕ್ಷೆ. ರಾಕ್ ಆಲ್ಬಮ್‌ಗಳಲ್ಲಿ ಅದೇ ಭಾಗವನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕುತ್ತಾರೆ. ಎರಡು ಸಲ ನುಡಿಸಿದಾಗ ಆಗುವ ಸಣ್ಣ ವ್ಯತ್ಯಾಸವೇ ಆ ಅಗಲಕ್ಕೆ ಕಾರಣ. ಸೋಮಾರಿತನ ಮಾಡಿದವರು ಒಂದನ್ನೇ ನಕಲು ಮಾಡಿ, ನಕಲನ್ನು ಹತ್ತಿಪ್ಪತ್ತು ಮಿಲಿಸೆಕೆಂಡ್ ತಡಮಾಡಿ ಇನ್ನೊಂದು ಬದಿಗೆ ಇಡುತ್ತಾರೆ. ಹೆಡ್‌ಫೋನಿನಲ್ಲಿ ಅದೂ ಅಗಲವಾಗಿಯೇ ಕೇಳುತ್ತದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ ಕೇಳಿ. ನಕಲಾಗಿದ್ದರೆ ಗಿಟಾರ್ ಪೈಪಿನೊಳಗಿಂದ ಬಂದಂತೆ ಟೊಳ್ಳಾಗುತ್ತದೆ, ಎರಡು ಸಲ ನುಡಿಸಿದ್ದಾಗಿದ್ದರೆ ಬರೀ ಕಿರಿದಾಗುತ್ತದೆ. ಇನ್ನು ಸದ್ದನ್ನು ಬೇಕೆಂದೇ ಒರಟು ಮಾಡುವ ಡಿಸ್ಟಾರ್ಷನ್ ಹೆಚ್ಚಿದಷ್ಟೂ ಗಿಟಾರ್ ದೊಡ್ಡದಾಗಿ ಕೇಳುತ್ತದೆ ಎಂಬುದು ಹೊಸ ತಂಡಗಳ ನಂಬಿಕೆ. ಆಗುವುದು ತಿರುಗಾಮುರುಗಾ. ಡಿಸ್ಟಾರ್ಷನ್ ತಂತಿಯ ಮೊದಲ ಪೆಟ್ಟನ್ನು ಅದುಮಿ ಸಪಾಟು ಮಾಡುತ್ತದೆ. ಅಂಥ ಆರು ಪದರ ಹಾಕಿದರೆ ಸಿಗುವುದು ಗೋಡೆಯಲ್ಲ, ಮಂಜು. ಮಂಜಿನ ಹಿಂದೆ ಬೇಸ್ ಗಿಟಾರ್ ಕಾಣೆ.

ಎಲ್ಲರಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯ, ಅಂದರೆ ಸದ್ದಿನ ಯುದ್ಧದ, ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ರಾಕ್ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಗಾಯಗೊಂಡಿದೆ. ಮೆಟಾಲಿಕಾ ತಂಡದ 2008ರ ಆಲ್ಬಮ್ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಪಾಠವಾಗಿ ಉಳಿದಿದೆ. ಸಿಡಿಯಲ್ಲಿ ಸದ್ದನ್ನು ಎಷ್ಟು ಅದುಮಿದ್ದರೆಂದರೆ ಡ್ರಮ್ಮಿನ ಪೆಟ್ಟುಗಳು ಸಿಡಿದು ಕರಕರ ಎನ್ನುತ್ತಿದ್ದವು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಗೇಮ್‌ನಲ್ಲಿ ಅಷ್ಟು ಅದುಮದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ಗಲಾಟೆ ಎಬ್ಬಿಸಿದರು. ಲಿಮಿಟರ್ ಮಾಡುವ ಕೆಲಸ ಸರಳ: ಸದ್ದಿನ ಶಿಖರಗಳನ್ನು ಕತ್ತರಿಸಿ, ಮಿಕ್ಕದ್ದನ್ನು ಮೇಲೆತ್ತುವುದು. ಸ್ವಲ್ಪ ಕತ್ತರಿಸಿದರೆ ಹಾಡು ಒಗ್ಗೂಡುತ್ತದೆ. ಹೆಚ್ಚು ಕತ್ತರಿಸಿದರೆ ಚರಣಕ್ಕೂ ಕೋರಸ್‌ಗೂ ಎತ್ತರದ ವ್ಯತ್ಯಾಸವೇ ಹೋಗುತ್ತದೆ. ತಮಾಷೆಯೆಂದರೆ ಮೈನಸ್ 7 ಎಲ್‌ಯುಎಫ್‌ಎಸ್‌ಗೆ ಅದುಮಿದ ಆಲ್ಬಮ್ಮನ್ನು ಸ್ಪಾಟಿಫೈ ಏಳು ಡೆಸಿಬೆಲ್ ಕೆಳಗಿಳಿಸಿಯೇ ಕೇಳಿಸುತ್ತದೆ. ಗೆದ್ದ ಎತ್ತರ ವಾಪಸ್ ಹೋಯಿತು, ಕಳೆದುಕೊಂಡ ಪೆಟ್ಟು ಮಾತ್ರ ವಾಪಸ್ ಬರಲಿಲ್ಲ. ಕಿವಿಯಲ್ಲಿ ಇದನ್ನು ಗುರುತಿಸುವುದು ಹೀಗೆ: ಕೋರಸ್ ಬಂದಾಗ ಕಂಠ ಒಂದಿಷ್ಟು ಹಿಂದೆ ಸರಿದಂತಾಗುತ್ತದೆ, ಸಿಂಬಲ್‌ಗಳು ಕಂಚಿನ ನಾದ ಬಿಟ್ಟು ಷವರ್ ನೀರಿನಂತೆ ಸುರಿಯುತ್ತವೆ, ಮೂರನೆಯ ಹಾಡಿನ ಹೊತ್ತಿಗೆ ಕಾರಣ ತಿಳಿಯದೆ ಕಿವಿ ದಣಿಯುತ್ತದೆ.

ಈ ದಣಿವನ್ನು ಅಳೆಯಲು ಡೈನಾಮಿಕ್ ರೇಂಜ್ (ಸದ್ದಿನ ಶಿಖರಕ್ಕೂ ಸರಾಸರಿಗೂ ಇರುವ ಅಂತರ) ಸಂಖ್ಯೆಗಳನ್ನು ಉಲ್ಲೇಖಿಸುವ ಚಾಳಿ ಇದೆ. ಎಚ್ಚರ ಬೇಕು. ಸಿಡಿಯ ಮಾಸ್ಟರಿನಿಂದಲೇ (ಅಂತಿಮ ಮೂಲಪ್ರತಿಯಿಂದಲೇ) ತಯಾರಾದ ಎಲ್‌ಪಿ ತಟ್ಟೆಯನ್ನು ಕಂಪ್ಯೂಟರಿಗೆ ಮುದ್ರಿಸಿಕೊಂಡು ಅಳೆದರೆ ಸಂಖ್ಯೆ ಸಿಡಿಗಿಂತ ಉತ್ತಮವಾಗಿ ಬರಬಹುದು. ತಟ್ಟೆಗೆ ಕೊರೆಯುವಾಗಲೂ ಸೂಜಿ ಓದುವಾಗಲೂ ಅಲೆಯ ಆಕಾರ ಬದಲಾಗಿ ಹೊಸ ಶಿಖರಗಳು ಹುಟ್ಟುವುದು ಅದಕ್ಕೆ ಕಾರಣ, ಸಂಗೀತ ಉಸಿರಾಡಿದ್ದು ಅಲ್ಲ.

ಪಾಪ್‌ನ ಕಥೆ ಬೇರೆ. ಅಲ್ಲಿ ನಿಖರತೆ ದೋಷವಲ್ಲ, ಕಸುಬು. ಗೆರೆಗೆ ಎಳೆದ ತಾಳ, ಪದರ ಪದರವಾದ ಕಂಠ, ಒಂದೊಂದು ಸೆಕೆಂಡಿಗೂ ಲೆಕ್ಕ. ಹಾಗಾಗಿ ಪ್ರಶ್ನೆಯೂ ಬೇರೆ: ಈ ಲೆಕ್ಕ ಯಾವುದಕ್ಕಾಗಿ? ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಓಡಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಅಷ್ಟರೊಳಗೆ ಕೇಳುಗರನ್ನು ಹಿಡಿಯಬೇಕೆಂಬ ಒತ್ತಡದಲ್ಲಿ ಪೀಠಿಕೆ ಕುಗ್ಗಿತು, ಕಂಠ ಮೊದಲ ಐದು ಸೆಕೆಂಡಿನಲ್ಲೇ ಬಂತು, ಕೆಲವು ಹಾಡು ಕೋರಸ್‌ನಿಂದಲೇ ಶುರುವಾಯಿತು. ಅಮೆರಿಕದ ರೆಕಾರ್ಡಿಂಗ್ ಉದ್ಯಮ ಸಂಘ 2016ರಿಂದ ಗೋಲ್ಡ್, ಪ್ಲಾಟಿನಮ್ ಮನ್ನಣೆಗೆ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಮ್ ಮಾರಾಟಕ್ಕೆ ಸಮ ಎಂದು ಎಣಿಸುತ್ತಿದೆ. ಸುಮ್ಮನೆ ಭಾಗಿಸಿ ನೋಡಿ. ಹತ್ತು ಹಾಡಿನ ಆಲ್ಬಮ್ಮನ್ನು ಪೂರ್ತಿಯಾಗಿ 150 ಸಲ ಕೇಳಿದಾಗ ಒಂದು 'ಮಾರಾಟ'. ಇಪ್ಪತ್ತೈದು ಹಾಡಿದ್ದರೆ ಬರೀ 60 ಸಲಕ್ಕೆ. ಆಲ್ಬಮ್ ಯಾಕಿಷ್ಟು ಉದ್ದ, ಎರಡು ವಾರಕ್ಕೆ 'ಡೀಲಕ್ಸ್' ಹೆಸರಿನಲ್ಲಿ ಇನ್ನಾರು ಹಾಡು ಯಾಕೆ ಬಂತು ಎಂದು ಕಲಾತ್ಮಕ ಕಾರಣ ಹುಡುಕುವ ಮೊದಲು ಈ ಗಣಿತ ನೆನಪಿರಲಿ. ಹಾಗೆಂದು ಉದ್ದವಾದದ್ದೆಲ್ಲ ದುಡ್ಡಿಗಾಗಿ ಎಂದೂ ಅಲ್ಲ. ಹದಿನೇಳನೆಯ ಹಾಡನ್ನು ತೆಗೆದರೆ ಏನು ಕಳೆದುಹೋಗುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದ ಹಾಡುಗಳನ್ನು ಎಣಿಸಿ ಬರೆಯಿರಿ. 'ಸ್ವಲ್ಪ ಉದ್ದವಾಯಿತು' ಎನ್ನುವುದಕ್ಕಿಂತ 'ಈ ಐದು ಹಾಡು ಬೇಕಿರಲಿಲ್ಲ' ಎನ್ನುವುದು ಪ್ರಾಮಾಣಿಕ.

ಪಾಪ್ ಹಾಡಿನ ಬಂಡವಾಳ ಬಯಲಾಗುವುದು ಎರಡನೆಯ ಚರಣದಲ್ಲಿ. ಮೊದಲ ಚರಣ ಮತ್ತು ಕೋರಸ್ ಬರೆಯುವಾಗ ಎಲ್ಲರಿಗೂ ಹುರುಪಿರುತ್ತದೆ. ಎರಡನೆಯದಕ್ಕೆ ಬಂದಾಗ ಒಳ್ಳೆಯ ತಂಡ ಏನಾದರೂ ತೆಗೆಯುತ್ತದೆ ಅಥವಾ ಸೇರಿಸುತ್ತದೆ. ಬೇಸ್ ಎರಡು ಸಾಲು ಸುಮ್ಮನಾಗುತ್ತದೆ, ರಾಗ ಮೂರನೆಯ ಸಾಲಿನಲ್ಲಿ ಬೇರೆ ದಾರಿ ಹಿಡಿಯುತ್ತದೆ, ಒಂದು ಸಾಲು ಬೇಕೆಂದೇ ಅರ್ಧಕ್ಕೆ ನಿಲ್ಲುತ್ತದೆ. ಮೊದಲ ಚರಣವನ್ನೇ ನಕಲಿಸಿ ಮೇಲೊಂದು ಹೈ-ಹ್ಯಾಟ್ ತಾಳದ ಸದ್ದು ಹಾಕಿದ್ದರೆ ಅಷ್ಟೇ, ಆರಂಭಶೂರತ್ವ. ಎಂಟು ಬಾರ್‌ಗೊಮ್ಮೆ (ತಾಳದ ಎಂಟು ಆವರ್ತಕ್ಕೊಮ್ಮೆ) ಏನು ಬದಲಾಯಿತು ಎಂದು ಕಾಗದದ ಮೇಲೆ ಗೀಚುತ್ತಾ ಹೋಗಿ. ಖಾಲಿ ಸಾಲುಗಳು ತಾವೇ ಮಾತಾಡುತ್ತವೆ. ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸುತ್ತುತ್ತಿವೆ ಎಂಬುದನ್ನು ದೂರಾಗಿ ಬರೆಯುವವರಿದ್ದಾರೆ. ಕಾರ್ಡ್ ಸುತ್ತಲಿ, ಅದರ ಮೇಲೆ ರಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎನ್ನುವುದು ಮುಖ್ಯ. ಚರಣ, ಕೋರಸ್ ಎರಡರಲ್ಲೂ ಸಾಲು ಮೊದಲ ತಾಳಕ್ಕೇ ಶುರುವಾದರೆ ಕಾರ್ಡ್ ಹತ್ತಿದ್ದರೂ ಹಾಡು ಒಂದೇ ಸಮನೆ ಕೇಳುತ್ತದೆ.

ಕಂಠದ ಬಗ್ಗೆ ಬರೆಯುವಾಗ 'ಆಟೋಟ್ಯೂನ್ ಹಾಕಿದ್ದಾರೆ' ಎಂಬ ಒಂದೇ ವಾಕ್ಯದಲ್ಲಿ ಕೆಲಸ ಮುಗಿಸುವ ರೂಢಿ ಬಂದಿದೆ. ಆ್ಯಂಟರೆಸ್ ಕಂಪನಿ ಅದನ್ನು 1997ರಲ್ಲಿ ತಂದಿತು. ಮರುವರ್ಷ ಗಾಯಕಿ ಶೇರ್ ಹಾಡಿನಲ್ಲಿ ಅದು ಮುಚ್ಚಿಡುವ ಉಪಾಯವಾಗಿರದೆ ಎದ್ದು ಕಾಣುವ ಬಣ್ಣವಾಯಿತು. ಇಂದು ಹೆಚ್ಚುಕಡಿಮೆ ಎಲ್ಲ ಪಾಪ್ ಕಂಠಗಳ ಮೇಲೂ ಒಂದಲ್ಲ ಒಂದು ಶ್ರುತಿ ತಿದ್ದುವ ತಂತ್ರಾಂಶ ಓಡಿರುತ್ತದೆ. ಕೇಳಬೇಕಾದದ್ದು ಹೇಗೆ ಎಂದು. ಸ್ವರವನ್ನು ಎಷ್ಟು ಬೇಗ ಎಳೆದು ಕೂರಿಸಬೇಕು ಎಂಬ ಗುಂಡಿ ಸೊನ್ನೆಯಲ್ಲಿದ್ದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹಾರಿದಂತೆ ಕೇಳುತ್ತದೆ. ಅದು ಬೇಕೆಂದೇ ಮಾಡಿದ ಬಣ್ಣ. ನಿಧಾನಕ್ಕೆ ಇಟ್ಟರೆ ಗುರುತೇ ಸಿಗದು. ಕೆಡುವುದು ಇವೆರಡರ ನಡುವೆ. ಜಾರುಸ್ವರ ಅರ್ಧದಲ್ಲಿ ಸೊಟ್ಟಗಾಗುತ್ತದೆ, ದೀರ್ಘಸ್ವರದ ಕೊನೆಯ ಕಂಪನ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗುತ್ತದೆ. ಇನ್ನೊಂದು ಸುಳಿವು ಉಸಿರು. ಹತ್ತಾರು ಸಲ ಹಾಡಿಸಿ ಸಾಲು ಸಾಲಾಗಿ ಆರಿಸಿ ಜೋಡಿಸುವುದು ಮಾಮೂಲಿ. ಅವಸರದಲ್ಲಿ ಜೋಡಿಸಿದಾಗ ಹಿಂದಿನ ಸಾಲಿನ ಕೊನೆಯ ಅಕ್ಷರ ಮುಗಿಯುವ ಮುನ್ನವೇ ಮುಂದಿನ ಸಾಲು ಹುಟ್ಟುತ್ತದೆ, ನಡುವೆ ಉಸಿರೇ ಇಲ್ಲ. ಕೇಳುತ್ತಾ ನಮಗೇ ಉಸಿರುಗಟ್ಟಿದಂತಾದರೆ ಅದು ಭಾವದ ತೀವ್ರತೆಯಲ್ಲ, ಎಡಿಟಿಂಗ್.

ಹಾಡು ಬರೆದವರ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದರೆ ಗೇಲಿ ಮಾಡುವ ಮುನ್ನ ನೋಡಬೇಕು. ಹಳೆಯ ಹಾಡೊಂದರ ತುಣುಕು ಬಳಸಿದ್ದರೆ ಅದರ ಕರ್ತೃಗಳೂ ಪಟ್ಟಿಗೆ ಬರುತ್ತಾರೆ.

ಫೋಕ್‌ಗೆ ಬಂದಾಗ ನಾನು ನಿಧಾನವಾಗುತ್ತೇನೆ. ಅಲ್ಲಿ ತಪ್ಪು ಹೊಗಳಿಕೆ ತಪ್ಪು ತೆಗಳಿಕೆಗಿಂತ ಹೆಚ್ಚು. ಅಕೌಸ್ಟಿಕ್ ಗಿಟಾರ್, ಪಿಸುದನಿ, ಒಂದಿಷ್ಟು ಮರ ನದಿಗಳ ಹೆಸರು ಇದ್ದರೆ ಸಾಕು, 'ಪ್ರಾಮಾಣಿಕ' ಎಂಬ ಬಿರುದು ಸಿಗುತ್ತದೆ. ಮೊದಲು ಬೇರ್ಪಡಿಸಬೇಕಾದದ್ದು ಇದು: ಹಾಡುಗಾರರು ತಾವೇ ಬರೆದ ಹಾಡುಗಳೋ, ಬಾಯಿಂದ ಬಾಯಿಗೆ ಬಂದ ಹಾಡುಗಳೋ? ಎರಡನೆಯದಾದರೆ ಯಾವ ಪಾಠದಿಂದ, ಅಂದರೆ ಹಾಡಿನ ಯಾವ ರೂಪದಿಂದ, ಕಲಿತರು ಎಂದು ಆಲ್ಬಮ್ಮಿನ ಟಿಪ್ಪಣಿ ಹೇಳಬೇಕು. ಇಂಗ್ಲಿಷ್ ಮತ್ತು ಸ್ಕಾಟಿಷ್ ಲಾವಣಿಗಳಿಗೆ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಮಾಡಿಟ್ಟ 305ರ ಸಂಗ್ರಹವಿದೆ. ಇಂಗ್ಲಿಷ್ ಭಾಷೆಯ ಜನಪದ ಹಾಡುಗಳಿಗೆ ಸ್ಟೀವ್ ರೌಡ್ ತಯಾರಿಸಿದ ಸೂಚಿಯಿದೆ. ಆ ಸಂಖ್ಯೆ ಹಿಡಿದು ಹುಡುಕಿದರೆ ಅದೇ ಹಾಡಿನ ನಾಲ್ಕೈದು ಹಳೆಯ ಪಾಠಗಳು ಸಿಗುತ್ತವೆ. ಅವನ್ನು ಕೇಳದೆ 'ಹೊಸ ಅರ್ಥ ಕೊಟ್ಟಿದ್ದಾರೆ' ಎಂದು ಬರೆಯುವುದು ಹೇಗೆ? ಯಾವ ಚರಣ ಬಿಟ್ಟರು, ಕೊಲೆಯ ಚರಣವನ್ನು ಮೃದು ಮಾಡಿದರೋ, ರಾಗವನ್ನು ಬೇರೆ ಹಾಡಿನಿಂದ ತಂದರೋ; ಬರೆಯಲು ಇಷ್ಟಿದೆ. ಹೆಸರಿನ ಮುಂದೆ 'ಸಾಂಪ್ರದಾಯಿಕ' ಎಂದಷ್ಟೇ ಹಾಕಿ ಕೈತೊಳೆದುಕೊಂಡ ಆಲ್ಬಮ್ಮಿಗೆ ನನ್ನ ಮಟ್ಟಿಗೆ ಒಂದು ಅಂಕ ಕಡಿತ.

ಹಾಡುವಿಕೆಗೆ ಒಂದು ನೂರು ವರ್ಷ ಮೀರಿದ ಅಳತೆಗೋಲಿದೆ. ಸಂಗೀತಗಾರ ಪರ್ಸಿ ಗ್ರೇಂಜರ್ 1906ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಹಳ್ಳಿಯ ಹಾಡುಗಾರರನ್ನು ಫೋನೋಗ್ರಾಫಿನ ಮೇಣದ ಕೊಳವೆಗಳಲ್ಲಿ ಮುದ್ರಿಸಿಕೊಂಡರು. ಕೈಯಲ್ಲಿ ಸ್ವರ ಬರೆದುಕೊಳ್ಳುತ್ತಿದ್ದವರ ಗಮನಕ್ಕೆ ಸರಿಯಾಗಿ ಬೀಳದ್ದು ಯಂತ್ರವನ್ನು ಮತ್ತೆ ಮತ್ತೆ ಓಡಿಸಿದಾಗ ಕಂಡಿತು: ಆ ಹಾಡುಗಾರರು ಚರಣದಿಂದ ಚರಣಕ್ಕೆ ಲಯವನ್ನೂ ಅಲಂಕಾರವನ್ನೂ ಬದಲಿಸುತ್ತಿದ್ದರು. ಹನ್ನೆರಡು ಚರಣದ ಲಾವಣಿಯನ್ನು ಇಂದಿನವರು ಹಾಡಿದಾಗ ಎರಡನೆಯ ಚರಣವನ್ನೂ ಒಂಬತ್ತನೆಯದನ್ನೂ ಬೆನ್ನುಬೆನ್ನಿಗೆ ಕೇಳಿ. ಕಥೆ ಮದುವೆಯಿಂದ ಸಾವಿಗೆ ಹೋಗಿದ್ದರೂ ಗಾಯನ ಒಂದೇ ಅಚ್ಚಿನಲ್ಲಿದ್ದರೆ, ಹಿಂದೆ ಬಂದು ಸೇರಿದ ಚೆಲೊ, ಪಿಯಾನೋಗಳು ಆ ಕೊರತೆಯನ್ನು ಮುಚ್ಚುವ ಹೊದಿಕೆ. ವಾದ್ಯಗಳು ಬೆಳೆಯುತ್ತಿವೆ, ಹಾಡುಗಾರರು ನಿಂತಲ್ಲೇ ಇದ್ದಾರೆ. ಹೊಸ ಫೋಕ್ ಆಲ್ಬಮ್‌ಗಳಲ್ಲಿ ನಾನು ಕಾಣುವ ದೊಡ್ಡ ದೋಷ ಇದೇ, ಇದನ್ನೇ 'ಸಿನಿಮಾ ಗಾತ್ರದ ಸಂಯೋಜನೆ' ಎಂದು ಹೊಗಳುವುದೂ ಉಂಟು.

ಧ್ವನಿಮುದ್ರಣದ ಗುಣ ಇಲ್ಲಿ ಎದ್ದು ಕಾಣುತ್ತದೆ, ಅಡಗಲು ಜಾಗವಿಲ್ಲ. ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹನ್ನೆರಡನೆಯ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಎದುರು ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಮೈಕ್ ಇಡುತ್ತಾರೆ. ನೇರ ರಂಧ್ರದ ಮುಂದಿಟ್ಟರೆ ತಗ್ಗಿನ ಸ್ವರ ಮಡಕೆಯೊಳಗೆ ಮಾತಾಡಿದಂತೆ ಗುಂಯ್‌ಗುಡುತ್ತದೆ. ಮೈಕ್ ಬಿಟ್ಟು ಗಿಟಾರಿನ ಒಳಗಿನ ಕಂಪನ ಹಿಡಿಯುವ ಪೀಜೋ ಪಿಕಪ್ಪಿನಿಂದ ನೇರ ತೆಗೆದುಕೊಂಡರೆ ಪ್ರತಿ ಮೀಟಿಗೂ ಬಾತುಕೋಳಿಯ ಕ್ವಾಕ್ ಸೇರುತ್ತದೆ. ಬೆರಳು ತಂತಿಯ ಮೇಲೆ ಜಾರುವ ಕಿರುಗುಟ್ಟುವಿಕೆಯನ್ನು ಪೂರ್ತಿ ಅಳಿಸಿದರೆ ಗಿಟಾರ್ ಕೀಬೋರ್ಡಿನಂತಾಗುತ್ತದೆ. ರಿವರ್ಬ್, ಅಂದರೆ ಕೋಣೆಯ ಅನುರಣನ, ಕೂಡ ನೋಡಬೇಕು. ಕಂಠ ಚರ್ಚಿನಲ್ಲಿ, ಗಿಟಾರ್ ಬೀರುವಿನಲ್ಲಿ ಇದ್ದಂತೆ ಕೇಳಿದರೆ ಎರಡನ್ನೂ ಬೇರೆ ದಿನ ಮುದ್ರಿಸಿ ಸೇರಿಸಿದ ಹೊಲಿಗೆ ಬಿಚ್ಚಿಕೊಂಡಿದೆ.

ಒರಟುತನವನ್ನೇ ಸತ್ಯ ಎಂದುಕೊಳ್ಳುವ ಭ್ರಮೆಗೂ ಒಂದು ಮೂಲವಿದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ 'ನೆಬ್ರಾಸ್ಕಾ' ಆಲ್ಬಮ್ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮಾಡಿಕೊಂಡ ಕರಡು ಮುದ್ರಣ. ತಂಡದೊಂದಿಗೆ ಮತ್ತೆ ನುಡಿಸಿ ನೋಡಿದ ಮೇಲೂ ಕರಡೇ ಮೇಲೆನಿಸಿ ಅದನ್ನೇ ಹೊರತಂದರು. ಅಲ್ಲಿ ಕ್ಯಾಸೆಟ್ಟಿನ ಮಿತಿ ಹಾಡಿನ ಒಂಟಿತನಕ್ಕೆ ಒಗ್ಗಿಕೊಂಡಿತು. ಈಗ ಟೇಪಿನ ಹಿಸ್ಸನ್ನು (ಹಿನ್ನೆಲೆಯ ಸುಯ್ ಸದ್ದನ್ನು) ಪ್ಲಗಿನ್ ಎಂಬ ತಂತ್ರಾಂಶ ಹಾಕಿ ಸೇರಿಸುತ್ತಾರೆ. ಗುರುತಿಸುವುದು ಕಷ್ಟವೇನಲ್ಲ. ಹಾಡು ಶುರುವಾಗುವ ಮುನ್ನದ ಮೌನ ಕೇಳಿ: ಹಿಸ್ ಅಲ್ಲಿ ಇಲ್ಲದೆ ಗಿಟಾರಿನ ಜೊತೆಗೇ ಕಾಲಿಟ್ಟರೆ ಅದು ವೇಷ.

ಹಾಡುಗಳನ್ನು ಜೋಡಿಸಿದ ಕ್ರಮದ ಬಗ್ಗೆ ವಿಮರ್ಶೆಗಳಲ್ಲಿ ಒಂದು ವಾಕ್ಯವೂ ಸಿಗುವುದು ಅಪರೂಪ. ಕೊಲಂಬಿಯಾ 1948ರಲ್ಲಿ ತಂದ ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ. ಒಂದು ಬದಿಗೆ ಇಪ್ಪತ್ತೆರಡು ನಿಮಿಷದ ಆಸುಪಾಸು ಹಿಡಿಸಿದರೆ ಸದ್ದು ಚೆನ್ನ. ಅದಕ್ಕಿಂತ ಹೆಚ್ಚು ತುಂಬಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ತಗ್ಗಿಸಬೇಕಾಗುತ್ತದೆ. ಸೂಜಿ ಹೊರಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗಿದರೆ ಒಳಗಿನ ಕೊನೆಯಲ್ಲಿ ಬರೀ 21. ಅಲ್ಲಿ ಏರುಸ್ವರ, ಸಕಾರ ಷಕಾರಗಳು ಒಡೆಯುತ್ತವೆ. ಬದಿಯ ಕೊನೆಗೆ ಮೆಲುದನಿಯ ಹಾಡು ಇಡುವ ಸಂಪ್ರದಾಯಕ್ಕೆ ಈ ಭೌತಶಾಸ್ತ್ರವೂ ಒಂದು ಕಾರಣ. 1982ರಲ್ಲಿ ಸಿಡಿ ಬಂದು 74 ನಿಮಿಷ ಕೊಟ್ಟಿತು, ತುಂಬಿಸುವ ಆಸೆ ಹುಟ್ಟಿತು. ಈಗ ಮಿತಿಯೇ ಇಲ್ಲ. ಮಿತಿ ಇಲ್ಲದಾಗ ಆಲ್ಬಮ್ಮಿನ ನಡುಭಾಗ ಜೋಲುತ್ತದೆ. ಒಳ್ಳೆಯ ಹಾಡುಗಳೆಲ್ಲ ಮೊದಲ ನಾಲ್ಕರಲ್ಲಿ ಮುಗಿದು, ಒಂದನ್ನು ಕೊನೆಗೆ ಉಳಿಸಿಕೊಂಡಿರುತ್ತಾರೆ. ಹೊಸ ಆಲ್ಬಮ್ಮಿನ ನಿಜ ಸ್ಥಿತಿ ತಿಳಿಯಬೇಕಾದರೆ ಒಟ್ಟು ಹಾಡುಗಳ ಅರ್ಧದಿಂದ ಮುಕ್ಕಾಲು ಭಾಗದವರೆಗಿನದನ್ನು ಬೇರೆಯಾಗಿ ಕೇಳಿ ನೋಡಬೇಕು.

ಇನ್ನು ಅಂಕ. ಅಮೆರಿಕದ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1969ರಿಂದ ಶಾಲೆಯ ಗ್ರೇಡುಗಳಂತೆ ಅಕ್ಷರ ಕೊಟ್ಟರು, ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ ದಶಮಾಂಶ ಸಮೇತ ಕೊಡುತ್ತದೆ, ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣ ಮೆಟಾಕ್ರಿಟಿಕ್ ಎಲ್ಲವನ್ನೂ ನೂರಕ್ಕೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. ಅಲ್ಲಿ 'ಬಿ ಪ್ಲಸ್' ಎಂಬುದು 83 ಆಗುತ್ತದೆ. ಗ್ರೇಡ್ ಕೊಟ್ಟವರ ಮನಸ್ಸಿನಲ್ಲಿ 83 ಎಂಬ ಸಂಖ್ಯೆ ಎಂದೂ ಇರಲಿಲ್ಲ. 7.4ಕ್ಕೂ 7.6ಕ್ಕೂ ಕಿವಿಯಲ್ಲಿ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಗುವುದೇ ಸರಿ.

ಬರೆಯಲು ಕೂತಾಗ ಒಂದು ಜಿಗುಟು ನಿಯಮ ಸಾಕು: ಪ್ರತಿ ವಿಶೇಷಣಕ್ಕೂ ಒಂದು ನಿಮಿಷ-ಸೆಕೆಂಡು. 'ತೀವ್ರ' ಎಂದು ಬರೆದರೆ ಯಾವ ಹಾಡಿನ ಎಷ್ಟನೆಯ ಸೆಕೆಂಡಿನಲ್ಲಿ ಎಂದು ಕರಡಿನ ಅಂಚಿನಲ್ಲಿ ಗುರುತು ಇರಬೇಕು. ಗುರುತು ಸಿಗದ ವಿಶೇಷಣ ಹೊಡೆದುಹಾಕಿ. ಮೊದಲ ಕರಡಿನ ಮೂರನೇ ಒಂದು ಭಾಗ ಹೀಗೇ ಹೋಗುತ್ತದೆ. ಕಂಪನಿಯ ಪ್ರಚಾರ ಟಿಪ್ಪಣಿಯಿಂದ ನುಸುಳಿದ ಮಾತುಗಳೂ ಇದರಲ್ಲೇ ಉದುರುತ್ತವೆ. ಹಾಡುಗಾರರ ವಿಚ್ಛೇದನ, ವ್ಯಸನ, ಕಾಡಿನ ಮನೆಯ ವಾಸ, ಇವು ಹಾಡಿನಲ್ಲಿ ಕೇಳಿಸಿದರೆ ಮಾತ್ರ ಬರಹಕ್ಕೆ ಬರಲಿ. ಸಾಹಿತ್ಯದ ಸಾಲನ್ನು ಕಾಗದದ ಮೇಲೆ ಓದಿ ತೀರ್ಪು ಕೊಡುವುದೂ ಬೇಡ. ಓದಲು ಸಪ್ಪೆ ಎನಿಸಿದ ಸಾಲು, ಅದರ ದೀರ್ಘಾಕ್ಷರ ರಾಗದ ಎತ್ತರದ ಸ್ವರದ ಮೇಲೆ ಬಿದ್ದಾಗ ಬೇರೆಯೇ ಆಗಿರುತ್ತದೆ.

ತೆಗಳುವಾಗ ಇನ್ನೂ ಒಂದು ಹೆಜ್ಜೆ ಹೆಚ್ಚು ಬೇಕು. ಇವರು ಏನು ಮಾಡಲು ಹೊರಟಿದ್ದರು ಎಂದು ಅವರೇ ಒಪ್ಪುವಂತೆ ಎರಡು ವಾಕ್ಯದಲ್ಲಿ ಬರೆದು, ಆಮೇಲೆ ಎಲ್ಲಿ ತಪ್ಪಿತು ಎನ್ನಿ. ಹಾಗೆ ಬರೆಯಲು ಆಗದಿದ್ದರೆ ಆಲ್ಬಮ್ ಇನ್ನೂ ಅರ್ಥವಾಗಿಲ್ಲ, ಇನ್ನೊಂದು ಸಲ ಕೇಳಬೇಕು.

ಕೊನೆಗೆ ಬರಹದ ಅಡಿಯಲ್ಲಿ ಒಂದು ಸಾಲು: ಯಾವ ದಿನ, ಯಾವ ಸೇವೆಯಲ್ಲಿ, ಸ್ಟೀರಿಯೋನೋ ಅಟ್ಮಾಸೋ, ಎಷ್ಟು ಹಾಡಿನ ಆವೃತ್ತಿ. ಇದು ಚಾದಸ್ತವಲ್ಲ. 2016ರಲ್ಲಿ ರಾಪ್ ಗಾಯಕ ಕಾನ್ಯೆ ವೆಸ್ಟ್ 'ದ ಲೈಫ್ ಆಫ್ ಪಾಬ್ಲೋ' ಆಲ್ಬಮ್ಮನ್ನು ಬಿಡುಗಡೆಯಾದ ಮೇಲೂ ತಿದ್ದುತ್ತಲೇ ಇದ್ದರು. ಮಿಕ್ಸ್ ಬದಲಾಯಿತು, ಸಾಹಿತ್ಯ ಬದಲಾಯಿತು, ಹಾಡುಗಳು ಸೇರಿದವು. ಮೊದಲ ವಾರದ ವಿಮರ್ಶೆಗಳು ಮಾತಾಡುತ್ತಿದ್ದ ಆಲ್ಬಮ್ ಕೆಲವೇ ವಾರಗಳಲ್ಲಿ ಸ್ಟ್ರೀಮಿಂಗ್ ಸೇವೆಯಲ್ಲಿ ಇರಲಿಲ್ಲ. ಓದುಗರು 2 ನಿಮಿಷ 14 ಸೆಕೆಂಡಿಗೆ ಹೋಗಿ ನೋಡಿದಾಗ ನೀವು ಹೇಳಿದ ಡ್ರಮ್ ಅಲ್ಲಿ ಸಿಗದಿದ್ದರೆ, ತಪ್ಪು ಕಿವಿಯದೋ ಆವೃತ್ತಿಯದೋ ಎಂದು ಆ ಒಂದು ಸಾಲು ನೋಡಿ ತಿಳಿದುಕೊಳ್ಳುತ್ತಾರೆ.